ಏಳು ದೇವರು, ಒಂದು ಮಾತ್ರೆ

ನನ್ನ ದೊಡ್ಡಮ್ಮನ ಕೈಯಲ್ಲಿ ಆಗದ ಕೆಲಸ ಈ ಪ್ರಪಂಚದಲ್ಲಿ ಒಂದೂ ಇಲ್ಲ. ಮಾಡಬಾರದ ಕೆಲಸಗಳು ಮಾತ್ರ ತಿಂಗಳಿಂದ ತಿಂಗಳಿಗೆ ಹೆಚ್ಚಾಗುತ್ತಿವೆ, ಅಷ್ಟೇ!

ಹೇಗೆ ಅಂತೀರಾ? ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಉಡುಪಿ ಕಡೆಯ ಹೊಟ್ಟೆಗೆ ಗೋಧಿ ಹೇಳಿಸಿದ್ದಲ್ಲ, ಇನ್ನು ಮೂರು ಹೊತ್ತೂ ಕುಚ್ಚಲಕ್ಕಿ ಎಂದು ಘೋಷಣೆಯಾಯಿತು. ಮೂವತ್ತು ವರ್ಷ ಮರಾಠಿ ನಾಡಿನ ಇದೇ ಡೊಂಬಿವಲಿಯ ಮನೆಯಲ್ಲಿ, ತುರ್ಭೆಯ ಕಾರ್ಖಾನೆಯ ಆಫೀಸಿಗೆ ಹೋಗುತ್ತಿದ್ದ ದೊಡ್ಡಪ್ಪನ ಡಬ್ಬಿಗೆ ದಿನಾ ಆರು ಚಪಾತಿ ತುಂಬಿದವಳು ಇವಳೇ. ಆಗ ಆ ಹೊಟ್ಟೆ ಯಾವ ಕಡೆಯದಾಗಿತ್ತು? ಕೇಳಿದೆ. ಉತ್ತರವಾಗಿ ಗಂಜಿ ಬಂತು.

ಆಮೇಲೆ ಅಡುಗೆಮನೆಯ ಡಬ್ಬಗಳ ಮುಚ್ಚಳಗಳೆಲ್ಲ ಸಡಿಲವಾದವು. ಬಿಗಿಯಾಗಿ ಮುಚ್ಚುವುದು ಮನೆಯವರ ಮೇಲೆ ಸಂಶಯಪಟ್ಟ ಹಾಗಂತೆ. ಆಮೇಲೆ ಅವಳ ಉದ್ದ ಜಡೆ ಹೋಗಿ ತಲೆಯ ಮೇಲೊಂದು ಪ್ಲಾಸ್ಟಿಕ್ ಕ್ಲಿಪ್ಪು ಕೂತಿತು. ಆಯುಷ್ಯದಲ್ಲಿ ಜಡೆ ಹೆಣೆಯಲು ಹೋದ ಸಮಯವನ್ನೆಲ್ಲ ಕೂಡಿಸಿದರೆ ಕಾಶಿಗೆ ನಡೆದುಕೊಂಡು ಹೋಗಿ ಬರಬಹುದಿತ್ತು ಎಂದಳು. ಆಮೇಲೆ ಬಳೆ. ಸದ್ದು ಮಾಡುವ ವಸ್ತು ತೊಟ್ಟವರ ಮಾತನ್ನು ಯಾರೂ ಗಂಭೀರವಾಗಿ ಕೇಳುವುದಿಲ್ಲವಂತೆ! ಈ ಮಾತನ್ನು, ಇಡೀ ಕಟ್ಟಡ ಯಾರ ಮಾತಿಗೆ ಹೆದರಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತದೋ ಆ ಮಹಿಳೆ ಹೇಳಿದ್ದು.

ನಾನು ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯವಳಲ್ಲ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು. ಎದುರಾಳಿಯ ಮೊದಲ ವಾಕ್ಯ ಮುಗಿಯುವ ಮೊದಲೇ ಅದರಲ್ಲಿರುವ ತೂತು ಕಾಣುವ ಕಾಯಿಲೆ ನನಗಿದೆ. ಆದರೆ ದೊಡ್ಡಮ್ಮ ಡೊಂಬಿವಲಿಯ ಮಹಿಳಾ ತಾಳಮದ್ದಳೆ ಕೂಟದಲ್ಲಿ ಅರ್ಥ ಹೇಳುವವಳು. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕುಳಿತು ಬರೀ ಮಾತಿನಿಂದ ಎದುರಿನ ರಾಜನನ್ನು ನೆಲಕ್ಕೆ ಕೆಡಹುವ ಕಲೆ ಅದು. ಅಂಥವಳ ಮುಂದೆ ನನ್ನ ಟ್ರೋಫಿಗಳೆಲ್ಲ ಸ್ಟೀಲ್ ಲೋಟಗಳು! ಹಿಂದಿಯಲ್ಲಿ ವಾದಿಸಿದರೆ ತನಗೆ ಅರ್ಥವಾಗಲಿಲ್ಲ ಎಂದು ಗೆಲ್ಲುತ್ತಾಳೆ. ಮರಾಠಿಯಲ್ಲಿ ವಾದಿಸಿದರೆ ಉಚ್ಚಾರ ತಿದ್ದಿ ಗೆಲ್ಲುತ್ತಾಳೆ. ಸೀವುಡ್ಸ್‌ನಲ್ಲಿ ಹುಟ್ಟಿ ಬೆಳೆದ ನಾನು ನೆಟ್ಟಗೆ ಕನ್ನಡ ಕಲಿತದ್ದು ಭಾಷಾಭಿಮಾನದಿಂದ ಅಂತ ಯಾರಾದರೂ ತಿಳಿದಿದ್ದರೆ ಕ್ಷಮಿಸಿ. ಇವಳೊಬ್ಬಳನ್ನು ಒಮ್ಮೆಯಾದರೂ ಸೋಲಿಸಬೇಕಿತ್ತು.

ಗುಟ್ಟು ಹೊರಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಬಂದು ಅಲ್ಲೇ ಉಳಿದಿದ್ದ ನಾನು ಎದ್ದು ಅಡುಗೆಮನೆಗೆ ಹೋದರೆ, ದೊಡ್ಡಮ್ಮ ಕಾಫಿ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಬೆರಳುಗಳು ಲೋಟವನ್ನು ಮುಟ್ಟಿರಲೇ ಇಲ್ಲ. ಗೆಣ್ಣುಗಳು ಊದಿಕೊಂಡು, ಬೆರಳುಗಳು ಅರ್ಧ ಮಡಚಿ ಹಾಗೇ ನಿಂತಿದ್ದವು.

"ಇದೆಂಥ ಕುಡಿಯೋದು ದೊಡ್ಡಮ್ಮ?"

"ಒಂದು ಕೈಯಲ್ಲಿ ಕುಡಿಯುದು ಉಡಾಫೆ. ಹೀಗೆ ಹಿಡಿದ್ರೆ ಕಾಫಿಗೂ ಒಂದು ಮರ್ಯಾದೆ."

ಬಿಡಲಿಲ್ಲ. ಅರ್ಧ ಗಂಟೆ ಅಡ್ಡಪ್ರಶ್ನೆ ಹಾಕಿದ ಮೇಲೆ ಒಪ್ಪಿಕೊಂಡಳು. ಒಪ್ಪಿಕೊಂಡ ರೀತಿ ನೋಡಿ: ಎಲ್ಲೆಲ್ಲಿ ನೋವು ಎಂದು ಕೇಳಿದರೆ ಠಾಣೆ ಊರಿಂದ ಡೊಂಬಿವಲಿಯ ತನಕದ ರೈಲ್ವೆ ನಕಾಶೆಯನ್ನೇ ಬಿಚ್ಚಿದಳು. ಹೆಬ್ಬೆರಳಿನ ಬುಡ ಠಾಣೆ. ತೋರುಬೆರಳಿನ ಗೆಣ್ಣು ಕಳ್ವಾ, ನಡುಬೆರಳಿನದು ಮುಂಬ್ರಾ, ಉಂಗುರಬೆರಳಿನದು ದಿವಾ, ಕಿರುಬೆರಳಿನದು ಕೋಪರ್. ಮಣಿಕಟ್ಟು ಡೊಂಬಿವಲಿ, ಎಲ್ಲ ನೋವೂ ಕೊನೆಗೆ ಬಂದು ಇಳಿಯುವ ಜಾಗ. ಬೆಳಿಗ್ಗೆ ಆರರಿಂದ ಎಂಟೂವರೆಯ ತನಕ ಮೆಗಾಬ್ಲಾಕ್, ಒಂದು ಗಾಡಿಯೂ ಅಲ್ಲಾಡುವುದಿಲ್ಲ. ಬಿಸಿ ನೀರಿನಲ್ಲಿ ಕೈ ಅದ್ದಿಟ್ಟರೆ ಒಂದೊಂದೇ ಸಿಗ್ನಲ್ ಬೀಳುತ್ತದೆ. ರೈಲ್ವೆಯವರ ಮೆಗಾಬ್ಲಾಕ್ ಭಾನುವಾರಕ್ಕೆ ಮಾತ್ರ, ಇವಳದು ವಾರವಿಡೀ. ಅದೂ ಒಂದು ಕೈಗಲ್ಲ. ಅಪ್ ಲೈನೂ ಬಂದ್, ಡೌನ್ ಲೈನೂ ಬಂದ್!

ಎಷ್ಟು ದಿನದಿಂದ ಎಂದು ಕೇಳಿದೆ. ಏಳೆಂಟು ತಿಂಗಳು. ಯಾರಿಗೂ ಯಾಕೆ ಹೇಳಲಿಲ್ಲ? ಹೇಳದೆ ಏನು, ಇಡೀ ಕಟ್ಟಡಕ್ಕೆ ಗೊತ್ತು ಎಂದಳು! ಕಟ್ಟಡದವರು ಒಮ್ಮತದಿಂದ ಇದು ವಾತ ಎಂದು ತೀರ್ಪು ಕೊಟ್ಟಿದ್ದರಂತೆ. ಎರಡನೆಯ ಮಹಡಿಯಿಂದ ಒಂದು ಎಣ್ಣೆ, ನಾಲ್ಕನೆಯ ಮಹಡಿಯಿಂದ ಒಂದು ಲೇಹ್ಯ, ನೆಲಮಹಡಿಯ ಹುಬ್ಬಳ್ಳಿಯ ವ್ಯಾಪಾರಿಯ ಹೆಂಡತಿಯಿಂದ ಒಂದು ತಾಮ್ರದ ಕಡಗ. ಕಡಗ ಕೈಗೆ ಏರಲೇ ಇಲ್ಲ. ಏರದ ಕಡಗ ದೊಡ್ಡಮ್ಮನ ಪ್ರಕಾರ ಕಡಗದ ದೋಷ.

ಇಂಥವಳನ್ನು ಡಾಕ್ಟರ ಬಳಿ ಎಳೆದುಕೊಂಡು ಹೋಗುವುದು ಹೇಗೆ? ಕಾಳಜಿ ಕೆಲಸ ಮಾಡುವುದಿಲ್ಲ, ಕಣ್ಣೀರು ಕೆಲಸ ಮಾಡುವುದಿಲ್ಲ. ನಾನು ಬೇರೆ ಉಪಾಯ ಮಾಡಿದೆ. ಠಾಣೆಯಲ್ಲಿ ಒಬ್ಬರು ಕೀಲುರೋಗದ ಡಾಕ್ಟರಿದ್ದಾರೆ, ವಾತ ಅನ್ನುವ ಕಾಯಿಲೆಯೇ ಇಲ್ಲ ಅಂತ ಹೇಳುತ್ತಾರಂತೆ ಎಂದು ಗಾಳಿಯಲ್ಲಿ ಬಿಟ್ಟೆ. ದೊಡ್ಡಮ್ಮ ಗಂಜಿಯ ಬಟ್ಟಲು ಕೆಳಗಿಟ್ಟಳು.

"ಯಾರದು ಹಾಗೆ ಹೇಳಿದ್ದು? ನಡಿ, ನೋಡುವ."

ಹೀಗೆ ನನ್ನ ದೊಡ್ಡಮ್ಮ ತಾನು ರೋಗಿಯೆಂದು ತಿಳಿಯದೆ, ಪ್ರತಿವಾದಿಯಾಗಿ, ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು.

ಅಲ್ಲಿ ಎರಡು ಗಂಟೆ ಕಾಯಬೇಕಾಯಿತು. ಕಾಯುವುದಾ? ದೊಡ್ಡಪ್ಪ ಮೂಲೆಯಲ್ಲಿ ಕುಳಿತು ಪೇಪರಿನ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದರೆ, ಇವಳು ಒಂದೊಂದೇ ಕುರ್ಚಿ ದಾಟುತ್ತ ಎಲ್ಲರ ಕಾಯಿಲೆಯ ಜಾತಕ ಕೇಳಿಕೊಂಡು ಬಂದಳು. ಕೀಲುರೋಗದ ಬಗ್ಗೆ ಇವತ್ತು ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಎರಡು ಗಂಟೆಯ ಗಳಿಕೆ. ಕಾಮೋಠೆಯ ಒಬ್ಬ ಹುಡುಗ, ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯ ಹಾಗೆ ಸೆಟೆದಿರುತ್ತದಂತೆ, ವಿಶ್ರಾಂತಿ ತೆಗೆದುಕೊಂಡಷ್ಟೂ ಹೆಚ್ಚು, ನಡೆದಾಡಿದಷ್ಟೂ ಕಡಿಮೆ. ಅದಕ್ಕೇ ಅವನು ಕುರ್ಚಿ ಇದ್ದರೂ ನಿಂತೇ ಇದ್ದ. ಒಬ್ಬ ಹೆಂಗಸಿನ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತ ಹಾಗೆ ಕೆಂಪು. ಅವಳಿಗೆ ಬಿಸಿಲೇ ವೈರಿ, ಕಾಯಿಲೆ ಕೀಲಿಗೆ ನಿಲ್ಲದೆ ಕಿಡ್ನಿಯ ತನಕ ಕೈಚಾಚಿತ್ತಂತೆ. ಇನ್ನೊಬ್ಬಳ ಬೆರಳು ಆಫೀಸಿನ ಎಸಿಯಲ್ಲಿ ಮೊದಲು ಬಿಳಿ, ಆಮೇಲೆ ನೀಲಿ. ಕೈಯ ಚರ್ಮ ಒಂದು ಸೈಜು ಕಡಿಮೆ ಕೊಂಡ ರವಿಕೆಯ ಹಾಗೆ ಬಿಗಿಯುತ್ತಿತ್ತು. ನೀರಿನ ಬಾಟಲಿ ಬಿಡದ ಅಜ್ಜಿಯೊಬ್ಬರಿಗೆ ಬಾಯಲ್ಲಿ ಜೊಲ್ಲಿಲ್ಲ, ಕಣ್ಣಲ್ಲಿ ನೀರಿಲ್ಲ.

"ಪಾಪ, ಸೀರಿಯಲ್ ನೋಡಿ ಅಳುವ ಅಂದ್ರೂ ಬಾಟಲಿಯಿಂದ ಡ್ರಾಪ್ಸ್ ಹಾಕ್ಕೊಳ್ಬೇಕಂತೆ," ಎಂದು ವರದಿ ಮಾಡಿದಳು. ಆಮೇಲೆ ನನ್ನ ಪಕ್ಕ ಕುಳಿತು, "ವಾತದಲ್ಲಿ ಇಷ್ಟು ನಮೂನೆ ಉಂಟು ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ."

ಡಾಕ್ಟರು ಮರಾಠಿಯವರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ದೊಡ್ಡಮ್ಮ ಕಳ್ವಾ ಮುಂಬ್ರಾ ಎಂದು ಶುರುಮಾಡಿದಾಗ ನಾನು ತಲೆ ತಗ್ಗಿಸಿದೆ. ಅವರೋ, ಕೈ ಹಿಡಿದು ಒಂದೊಂದೇ ಸ್ಟೇಷನ್ ಒತ್ತಿ ನೋಡಿ, ಎರಡೂ ಲೈನ್ ಒಟ್ಟಿಗೆ ನಿಲ್ಲುತ್ತದಾ, ಬೆಳಗಿನ ಬ್ಲಾಕ್ ಎಷ್ಟು ಗಂಟೆ ಎಂದು ಅದೇ ಭಾಷೆಯಲ್ಲಿ ಕೇಳಿದರು! ರಕ್ತಪರೀಕ್ಷೆ ಆಯಿತು, ಎರಡೂ ಕೈಗಳ ಎಕ್ಸ್‌ರೇ ಆಯಿತು. ಮುಂದಿನ ಸಲ ಹೆಸರು ಹೇಳಿದರು: ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾಗಿ ಮಂಡಿ ಸವೆಯುವುದು ಬೇರೆ, ಇದು ಬೇರೆ. ದೇಹವನ್ನು ಕಾಯಬೇಕಾದ ಪಡೆಯೇ ಕೀಲಿನ ಒಳಪದರವನ್ನು ಶತ್ರು ಎಂದು ತಿಳಿದು ಅದರ ಮೇಲೆ ಬೀಳುತ್ತದೆ. ಹೊರಗೆ ಕುಳಿತವರಲ್ಲಿ ಕೆಲವರದು ಇದೇ ಕಥೆ: ದೇಹವನ್ನು ದಾರದ ಹಾಗೆ, ಅಂಟಿನ ಹಾಗೆ ಹಿಡಿದಿಟ್ಟ ವಸ್ತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಈ ಗಲಾಟೆ ನಡೆಯಬಹುದು.

ದೊಡ್ಡಮ್ಮ ತಲೆಯಾಡಿಸಿದಳು. "ಗೊತ್ತಾಯ್ತು. ನಮ್ಮ ಸೊಸೈಟಿಯ ವಾಚ್‌ಮನ್. ಕಳ್ಳನನ್ನು ಒಳಗೆ ಬಿಡ್ತಾನೆ, ನಮ್ಮನ್ನು ಗೇಟಲ್ಲಿ ನಿಲ್ಸಿ ಯಾವ ಫ್ಲ್ಯಾಟ್ ಅಂತ ಕೇಳ್ತಾನೆ."

ಡಾಕ್ಟರು ನಕ್ಕು, ಸರಿಯಾಗಿ ಹೇಳಿದಿರಿ ಎಂದರು. ಈ ವಾಚ್‌ಮನ್‌ಗೆ ಬುದ್ಧಿ ಹೇಳುವ ಒಂದು ಹಳದಿ ಮಾತ್ರೆಯಿದೆ. ವಾರದಲ್ಲಿ ಒಂದೇ ದಿನ, ಊಟದ ನಂತರ ನಾಲ್ಕು ಮಾತ್ರೆ. ಅಪ್ಪಿತಪ್ಪಿಯೂ ದಿನಾ ತೆಗೆದುಕೊಳ್ಳಬಾರದು, ಅಪಾಯ. ಇನ್ನೊಂದು ದಿನ ವಿಟಮಿನ್ ಮಾತ್ರೆ. ಆಗಾಗ ರಕ್ತಪರೀಕ್ಷೆ. ಫಲ ಕಾಣಲು ಎರಡು ಮೂರು ತಿಂಗಳು, ಅಲ್ಲಿಯ ತನಕ ನೋವಿಗೆ ಬೇರೆ ಮಾತ್ರೆ. ಕೊನೆಗೆ ನಗು ನಿಲ್ಲಿಸಿ ಹೇಳಿದರು: ಈಗ ತಡೆದರೆ ಕೈ ಉಳಿಯುತ್ತದೆ, ಬೆರಳು ಒಮ್ಮೆ ಸೊಟ್ಟಗಾದರೆ ಮಾತ್ರೆಯಿಂದ ನೇರ ಮಾಡಲು ಆಗುವುದಿಲ್ಲ. ವಾರದ ಯಾವ ದಿನ ಬೇಕೋ ನೀವೇ ಆರಿಸಿಕೊಳ್ಳಿ, ಆರಿಸಿದ ಮೇಲೆ ಬದಲಿಸಬೇಡಿ.

ನೀವೇ ಆರಿಸಿಕೊಳ್ಳಿ! ಎಷ್ಟು ಸರಳವಾದ ಮಾತು, ಅಲ್ಲವೇ? ಆ ಡಾಕ್ಟರಿಗೆ ನನ್ನ ದೊಡ್ಡಮ್ಮನ ವಾರ ಗೊತ್ತಿರಲಿಲ್ಲ.

ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತೆವು. ಸೋಮವಾರ ಎಂದೆ. ಈಶ್ವರನದು, ಸಂಜೆಯ ತನಕ ಉಪವಾಸ. ಊಟವಿಲ್ಲದೆ ಊಟದ ನಂತರದ ಮಾತ್ರೆ ಎಲ್ಲಿಂದ? ಮಂಗಳವಾರ ಗಣಪತಿ, ಟಿಟ್ವಾಲಾದ ಗುಡಿಗೆ ಹೋಗುವ ದಿನ, ಆರೋಗ್ಯವಂತೆಯಾಗಿ ಹೋಗಬೇಕು. ಗುರುವಾರ ರಾಯರು, ಒಪ್ಪೊತ್ತು. ಶುಕ್ರವಾರ ಲಕ್ಷ್ಮಿ, ಅವತ್ತು ರೋಗದ ಮಾತೇ ಎತ್ತುವಂತಿಲ್ಲ. ಶನಿವಾರ ಹನುಮಂತ. ಹನುಮಂತನ ಎದುರು ಮೈಕೈ ನೋವೆಂದು ಮಾತ್ರೆ ನುಂಗಲು ನಾಚಿಕೆಯಾಗುವುದಿಲ್ಲವೇ? ಭಾನುವಾರ ಸೂರ್ಯ, ಉಪ್ಪು ಬಿಟ್ಟ ಊಟ, ಅದನ್ನು ಊಟವೆಂದು ಡಾಕ್ಟರು ಒಪ್ಪುವುದಿಲ್ಲ. ಉಳಿದದ್ದು ಬುಧವಾರ. ನಾನು ಗೆದ್ದೆ ಅಂದುಕೊಂಡೆ. ಬುಧವಾರ ಯಾವ ದೇವರೂ ಇಲ್ಲದೆ ಬಹಳ ವರ್ಷ ಖಾಲಿಯೇ ಇತ್ತಂತೆ. ಖಾಲಿ ಬಿಡುವುದು ಚೆನ್ನಾಗಿರುವುದಿಲ್ಲ ಎಂದು ಎದುರು ಫ್ಲ್ಯಾಟಿನ ಮರಾಠಿ ಅಜ್ಜಿಯಿಂದ ವಿಠೋಬನನ್ನು ಉಪವಾಸದ ಸಮೇತ ಕಡ ತಂದು ಕೂರಿಸಿದ್ದಳು!

ಏಳು ದೇವರ ಪರವಾಗಿ ಒಬ್ಬಳೇ ವಕೀಲೆ. ಒಂದು ಮಾತ್ರೆಯ ಪರವಾಗಿ ನಾನು. ಎರಡು ಗಂಟೆ ನಡೆಯಿತು. ಕೊನೆಗೆ ಅವಳೇ ಕರುಣೆ ತೋರಿ, ದಿನ ತಾನೇ ಹುಡುಕಿಕೊಳ್ಳುತ್ತೇನೆ, ತಪ್ಪಿಸುವುದಿಲ್ಲ, ನೀನು ಹೋಗು ಎಂದಳು. ತಾಳಮದ್ದಳೆಯವಳು ಮಾತು ಕೊಟ್ಟಳೆಂದು ನಾನು ನೆಮ್ಮದಿಯಿಂದ ಸೀವುಡ್ಸ್‌ಗೆ ಹೋದೆ. ಮಾತು ಕೊಟ್ಟದ್ದೇನೋ ನಿಜ. ಎಂಥ ಮಾತು ಎಂದು ಗಮನಿಸದೆ ಹೋದೆನಲ್ಲ, ಅದು ನನ್ನ ತರಬೇತಿಗೇ ಅವಮಾನ!

ಮೂರು ತಿಂಗಳಾಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ ಮಾತ್ರೆ ತಪ್ಪಿಲ್ಲ ಎನ್ನುತ್ತಿದ್ದಳು. ಬೆರಳು ಹೇಗಿದೆ ಎಂದರೆ ತಾಳಮದ್ದಳೆಯ ಸುದ್ದಿ ತೆಗೆಯುತ್ತಿದ್ದಳು. ಮತ್ತೆ ಒಂದು ಶನಿವಾರ ಮಧ್ಯಾಹ್ನ ನಾವು ಮೂವರೂ ಠಾಣೆಗೆ ಹೋದೆವು. ಡಾಕ್ಟರು ಗೆಣ್ಣು ಒತ್ತಿದರು, ದೊಡ್ಡಮ್ಮ ತುಟಿ ಕಚ್ಚಿದಳು. ಊತ ಇಳಿದಿರಲಿಲ್ಲ. ಉಂಗುರಬೆರಳೂ ಕಿರುಬೆರಳೂ ಸ್ವಲ್ಪ ಹೊರಮಗ್ಗುಲಿಗೆ ವಾಲಿದಂತೆ ನನಗೇ ಕಂಡಿತು. ಡಾಕ್ಟರು ರಿಪೋರ್ಟುಗಳನ್ನು ಎರಡೆರಡು ಸಲ ತಿರುವಿದರು. ಕೆಲವರಿಗೆ ಈ ಮಾತ್ರೆ ನಾಟುವುದಿಲ್ಲ, ನಾಲ್ಕಿದ್ದದ್ದನ್ನು ಆರು ಮಾಡುವ, ಆಗಲೂ ಆಗದಿದ್ದರೆ ಇಂಜೆಕ್ಷನ್ ಎಂದರು. ಇನ್ನು ಕಾಯಲು ಹೆಚ್ಚು ಸಮಯವಿಲ್ಲ ಎಂಬುದನ್ನು ನನ್ನ ಕಡೆ ನೋಡಿ ಹೇಳಿದರು.

ಕೆಳಗಿನ ಮೆಡಿಕಲ್ ಅಂಗಡಿಯಲ್ಲಿ ಹೊಸ ಚೀಟಿ ಕೊಟ್ಟೆ. ಆಗ ದೊಡ್ಡಪ್ಪ, ಇಡೀ ಕಾಯಿಲೆಯ ಅವಧಿಯಲ್ಲಿ ಒಂದು ಅಭಿಪ್ರಾಯವನ್ನೂ ಕೊಡದ ಮನುಷ್ಯ, ಮೆಲ್ಲಗೆ ಹೇಳಿದರು:

"ಹಳೇದೇ ಅರ್ಧಕ್ಕರ್ಧ ಉಳ್ದದೆ."

ತಿರುಗಿ ನೋಡಿದರೆ ದೊಡ್ಡಮ್ಮ ಸ್ಟೇಷನ್ ಕಡೆ ಹೊರಟಾಗಿತ್ತು. ಹಿಡಿದದ್ದು ಪ್ಲ್ಯಾಟ್‌ಫಾರ್ಮಿನ ಮೇಲೆ.

ಮಾತ್ರೆ ತಪ್ಪಿಸಿಯೇ ಇಲ್ಲ ಎಂದಳು. ಪ್ರತಿ ದ್ವಾದಶಿಗೂ ತೆಗೆದುಕೊಂಡಿದ್ದಾಳಂತೆ! ಏಕಾದಶಿಯ ಉಪವಾಸ ಮುಗಿಸಿ, ಮರುದಿನ ಬೆಳಿಗ್ಗೆ ಪಾರಣೆಯ ಊಟ ಮಾಡಿ, ಶುದ್ಧವಾದ ಹೊಟ್ಟೆಗೆ ಶ್ರದ್ಧೆಯಿಂದ ನಾಲ್ಕು ಮಾತ್ರೆ. ವಾರಗಳೆಲ್ಲ ದೇವರಿಗೆ ಹೋದ ಮೇಲೆ ಉಳಿದದ್ದು ತಿಥಿ, ಅದನ್ನು ಕಾಯಿಲೆಗೆ ಕೊಟ್ಟಿದ್ದಳು. ಹದಿನೈದು ದಿನಕ್ಕೊಮ್ಮೆ ಬರುವ ದ್ವಾದಶಿ! ಅರ್ಧ ಔಷಧ! ಅತ್ತ ಆ ಪಾಪದ ಡಾಕ್ಟರು ಔಷಧ ಸೋತಿತೆಂದು ಪ್ರಮಾಣ ಏರಿಸುತ್ತಿದ್ದಾರೆ, ಇತ್ತ ಔಷಧಕ್ಕೆ ಅಖಾಡಕ್ಕೆ ಇಳಿಯಲೇ ಅವಕಾಶ ಸಿಕ್ಕಿಲ್ಲ. ಪಂಚಾಂಗ ನೋಡಿ ಸಂಧಿವಾತಕ್ಕೆ ಮದ್ದು ತಿನ್ನುವ ಇನ್ನೊಬ್ಬರು ಕಲ್ಯಾಣದಿಂದ ಪನ್ವೇಲ್ ತನಕ ಸಿಗುತ್ತಾರೆಯೇ?

"ಈ ವರ್ಷ ಅಧಿಕಮಾಸ ಬಂದ್ರೆ ಎರಡು ದ್ವಾದಶಿ ಹೆಚ್ಚು ಸಿಗ್ತದೆ," ಎಂದು ಸಮಾಧಾನ ಬೇರೆ.

ನಾನು ಶುರುಮಾಡಿದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ಬಂತು. ವಾಚ್‌ಮನ್‌ಗೆ ಹದಿನೈದು ದಿನಕ್ಕೊಮ್ಮೆ ಬುದ್ಧಿ ಹೇಳಿದರೆ ಉಳಿದ ಹದಿನಾಲ್ಕು ದಿನ ಅವನು ಏನು ಮಾಡುತ್ತಾನೆ? ಉಪವಾಸದ ದಿನ ಕಾಯಿಲೆಯೂ ಉಪವಾಸ ಇರುತ್ತದೆಯೇ? ದೇವರು ದೊಡ್ಡವನೆಂದು ನೀನೇ ಹೇಳುವೆಯಲ್ಲ, ನಾಲ್ಕು ಮಾತ್ರೆಗೆ ಮುನಿಸಿಕೊಳ್ಳುವಷ್ಟು ಸಣ್ಣವನು ಯಾವಾಗ ಆದ? ಒಂದು ಡೊಂಬಿವಲಿ ಸ್ಲೋ ಗಾಡಿ ಹೋಯಿತು. ಇನ್ನೊಂದು ಹೋಯಿತು. ದೊಡ್ಡಪ್ಪ ಬೆಂಚಿನಲ್ಲಿ ಕುಳಿತರು. ನಾನು ಎತ್ತರದ ದನಿಯಲ್ಲಿ ಡಾಕ್ಟರ ಮಾತನ್ನೇ ಹೇಳಿದೆ, ಬೆರಳು ಒಮ್ಮೆ ವಾಲಿದರೆ ವಾಪಸು ಬರುವುದಿಲ್ಲ ಎಂದು. ಹೇಳುವಾಗ ಅವಳ ಕಿರುಬೆರಳನ್ನು ತೋರಿಸಿದೆ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಪ್ರತಿವಾದ ಬರಲಿಲ್ಲ. ಎದುರಾಳಿ ಸುಮ್ಮನಾದಾಗ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ಖುಷಿಯಾಗುತ್ತದೆ. ಆಗಲಿಲ್ಲ.

ಮೂರನೆಯ ಗಾಡಿ ಹತ್ತಿದೆವು. ಅದು ಮುಂಬ್ರಾ ದಾಟಿದ ಮೇಲೆ ಹೇಳಿದಳು: "ಬುಧವಾರ ತಗೊಳ್ತೇನೆ. ಆದ್ರೆ ವಿಠೋಬನಿಗೆ ಹೇಳದೆ ಅವನ ವ್ರತ ಬಿಡ್ಲಿಕ್ಕೆ ಆಗುದಿಲ್ಲ."

ಡೊಂಬಿವಲಿಯಲ್ಲಿ ಇಳಿದು ದೊಡ್ಡಪ್ಪನನ್ನು ಮನೆಗೆ ಕಳಿಸಿ, ನಾವಿಬ್ಬರು ದಾರಿಯಲ್ಲೇ ಇದ್ದ ವಿಠೋಬನ ಗುಡಿಗೆ ಹೋದೆವು. ಶನಿವಾರವಾದ್ದರಿಂದ ಜನವೆಲ್ಲ ಹನುಮಂತನ ಕಡೆಗಿದ್ದರು, ಇಲ್ಲಿ ಏಳೆಂಟು ಮಂದಿ ಅಷ್ಟೇ. ನಾನು ಗುಡಿಯೊಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಅವಳನ್ನು ಒಳಗೆ ಕಳಿಸಿ ಹೊರಗೆ ಫೋನು ನೋಡುತ್ತ ನಿಲ್ಲುವುದು ನನ್ನ ಲೆಕ್ಕ. ಮೆಟ್ಟಿಲ ಬಳಿ ಅವಳೇ ನಿಂತುಬಿಟ್ಟಳು. ಚಪ್ಪಲಿ ನೋಡಿಕೊಳ್ಳಲು ಒಬ್ಬರು ಬೇಕು, ನೀನೇ ಹೋಗಿ ಹೇಳಿ ಬಾ ಎಂದಳು.

ವ್ರತ ನಿನ್ನದು, ದೇವರು ನಿನ್ನವನು, ನನಗೆ ನಂಬಿಕೆಯೂ ಇಲ್ಲ, ನಾನು ಯಾಕೆ ಹೋಗಬೇಕು ಎಂದು ಕೇಳಿದೆ. ಅವಳು ಎರಡೂ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದು, ಅಂಗೈಗೆ ಅಂಗೈ ಸೇರಿಸಲು ನೋಡಿದಳು. ಮಣಿಕಟ್ಟು ಕೂಡಿತು. ಬೆರಳ ತುದಿಗಳು ಹೇಗೋ ತಾಗಿದವು. ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ ಹಾಗೇ ಉಳಿಯಿತು.

"ಕೈ ಮುಗಿಲಿಕ್ಕೆ ಬರುದಿಲ್ಲ ಮಗಾ," ಎಂದಳು. "ನಾಲ್ಕೈದು ತಿಂಗಳಾಯ್ತು, ನಾನು ಯಾವ ಗುಡಿಯೊಳಗೂ ಹೋಗ್ಲಿಲ್ಲ. ಅರ್ಧ ಮುಗ್ದ ಕೈ ತಗೊಂಡು ಅವನ ಎದುರು ಹೇಗೆ ನಿಲ್ಲುದು? ನಿನ್ನ ಕೈ ಸರಿ ಉಂಟಲ್ಲ."

ನಾನು ಚಪ್ಪಲಿ ಬಿಟ್ಟೆ.

ಒಳಗೆ ಹೋಗುವಷ್ಟರಲ್ಲಿ ವಾದ ಸಿದ್ಧವಾಗಿತ್ತು. ಮೂರು ಅಂಶ, ಒಂದು ಉಪಸಂಹಾರ. ಬುಧವಾರ ಬಿಟ್ಟುಕೊಡುವುದರಿಂದ ವಿಠೋಬನಿಗೆ ಏನೂ ನಷ್ಟವಿಲ್ಲ ಎಂಬುದು ಮೊದಲನೆಯದು. ಸಾಲು ಸರಿಯಿತು, ಮೂರ್ತಿಯ ಮುಂದೆ ಬಂದೆ. ನನ್ನ ಅಂಗೈಗಳು ಒಂದಕ್ಕೊಂದು ಸೇರಿದವು. ಯಾವ ಗೆಣ್ಣೂ ತಡೆಯಲಿಲ್ಲ, ಎಲ್ಲೂ ಬೆಳಕು ತೂರುವಷ್ಟು ಸಂದಿ ಇರಲಿಲ್ಲ. ಇಷ್ಟು ಸಲೀಸಾಗಿ ಆಗುವ ಕೆಲಸವೇ ಇದು ಎಂದು ನಾಚಿಕೆಯಾಯಿತು. ಮೂರು ಅಂಶಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಪೂಜಾರಿ ಮರಾಠಿಯಲ್ಲಿ ಮುಂದೆ ನಡೆಯಿರಿ ಎಂದರು. ಹೇಳಬೇಕಾದದ್ದು ಒಂದೇ ವಾಕ್ಯ ಉಳಿದಿತ್ತು: ಬುಧವಾರ ಬಿಟ್ಟುಕೊಡು, ಅವಳ ಬೆರಳುಗಳು ಉಳಿಯಲಿ. ಅದನ್ನು ಹೇಳಿದೆ. ಹೇಳಿ, ಈ ಒಂದು ಮಾತಿಗಾದರೂ ಯಾರೂ ಪ್ರತಿವಾದ ಹೂಡದಿರಲಿ ಎಂದು ಬೇಡಿಕೊಂಡು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.